ಗಂಡನ ಸಹಿ

ನಾನು ಈಗ ಆ ಕಂಪನಿಯಲ್ಲಿಲ್ಲ. ಅದಕ್ಕೇ ಇದನ್ನು ಬರೆಯಲು ಆಗುತ್ತಿದೆ. ಕಂಪನಿಯ ಹೆಸರು ಹಾಕುವುದಿಲ್ಲ. ಬಾಲರಾಜಾ ಎಂಬ ನಮ್ಮ ಊರಿನ ರಸ್ತೆಯುದ್ದಕ್ಕೂ ಶೂ ಕಾರ್ಖಾನೆಗಳಿವೆ. ಇದು ಅವುಗಳಲ್ಲಿ ಒಂದು. ಒಂಬತ್ತು ಸಾವಿರ ಜನ ಕೆಲಸ ಮಾಡುತ್ತಾರೆ. ಅವರಲ್ಲಿ ಏಳು ಸಾವಿರದ ಎಂಟುನೂರು ಮಂದಿ ಹೆಂಗಸರು. ಮ್ಯಾನೇಜರುಗಳು ಇಪ್ಪತ್ತಮೂರು. ಅವರಲ್ಲಿ ಹೆಂಗಸರು ಇಬ್ಬರು. ಇದೆಲ್ಲ ಶುರುವಾಗುವ ಹೊತ್ತಿಗೆ ಹೊರದೇಶದ ಕಾರ್ಖಾನೆಗಳಿಗೆ ಮ್ಯಾನೇಜರಾಗಿ ಹೋದವರು ನಾಲ್ವರು. ಅವರಲ್ಲಿ ಹೆಂಗಸು ಒಬ್ಬಳೂ ಇಲ್ಲ. ಈ ಅಂಕಿಗಳು ನನ್ನ ನಾಲಿಗೆಯ ಮೇಲಿವೆ. ಆರು ವರ್ಷ ಸಿಬ್ಬಂದಿ ವಿಭಾಗದಲ್ಲಿ ಕೂತು ಆ ಕಡತಗಳನ್ನು ಜೋಡಿಸಿದವಳು ನಾನು. ನನ್ನ ಹೆಸರು ಪುರ್ವಂತಿ.

ತಿತಿನ್ ರೊಹಾಯೆತಿಯ ಕಡತ ದಪ್ಪಗಿತ್ತು. ಇಪ್ಪತ್ತೊಂದು ವರ್ಷದ ಕಡತ.

ಅವಳು ಹದಿನೆಂಟನೇ ವಯಸ್ಸಿಗೆ ಅಂಟಿನ ಸಾಲಿಗೆ ಸೇರಿದಳು. ಓಡುವ ಬೆಲ್ಟಿನ ಮುಂದೆ ನಿಂತು ಶೂವಿನ ಅಟ್ಟೆಗೆ ಬ್ರಶ್ಶಿನಿಂದ ಅಂಟು ಬಳಿಯುವ ಕೆಲಸ. ಗಂಟೆಗೆ ನೂರಿಪ್ಪತ್ತು ಜೊತೆ. ಒಂಬತ್ತು ಗಂಟೆ ನಿಂತೇ ಇರಬೇಕು. ಅಂಟಿನ ವಾಸನೆಗೆ ಮೊದಲ ವಾರ ವಾಂತಿ ಬರುತ್ತದೆ. ಎರಡನೇ ತಿಂಗಳಿಗೆ ಬೆರಳಿನ ತುದಿಯ ಚರ್ಮ ಸುಲಿಯುತ್ತದೆ. ಆಮೇಲೆ ವಾಸನೆಯೂ ತಿಳಿಯುವುದಿಲ್ಲ, ಬೆರಳೂ ತಿಳಿಯುವುದಿಲ್ಲ. ಸಾಲಿನಲ್ಲಿ ನಲವತ್ತು ಹೆಂಗಸರು. ಶೌಚಕ್ಕೆ ಹೋಗಲು ಎರಡು ಮರದ ಬಿಲ್ಲೆ. ಬಿಲ್ಲೆ ಮೊಳೆಯ ಮೇಲಿದ್ದರೆ ಹೋಗಬಹುದು. ಇಲ್ಲದಿದ್ದರೆ ಕಾಯಬೇಕು. ತಿತಿನ್ ಬಸುರಿಯಾಗಿದ್ದಾಗ ಒಮ್ಮೆ ಬಿಲ್ಲೆ ಸಿಗದೆ ನಿಂತಲ್ಲೇ ಒದ್ದೆ ಮಾಡಿಕೊಂಡಿದ್ದಳು. ಅದನ್ನು ಅವಳೇ ನನಗೆ ಹೇಳಿದಳು. ಹೇಳುವಾಗ ನಗಲಿಲ್ಲ, ಅಳಲೂ ಇಲ್ಲ.

"ಬ್ರಶ್ ಮಾತ್ರ ಕೆಳಗಿಡ್ಲಿಲ್ಲ ನೋಡು," ಎಂದಳು.

ಸಾಲಿನ ಮುಖ್ಯಸ್ಥೆ, ಮೇಲ್ವಿಚಾರಕಿ, ಕೊನೆಗೆ ಉತ್ಪಾದನಾ ವಿಭಾಗದ ಉಪ ಮ್ಯಾನೇಜರ್. ಅಲ್ಲಿಗೆ ಮೂವತ್ತೊಂಬತ್ತು ವರ್ಷ. ಓವನ್ನಿನಿಂದ ಹೊರಬಂದ ಅಟ್ಟೆಯನ್ನು ಎತ್ತಿ, ದವಡೆಗೆ ಹಿಡಿದು ಬಿಸಿ ನೋಡಿದರೆ ಅಂಟು ಹಿಡಿಯುತ್ತದೋ ಇಲ್ಲವೋ ಅವಳಿಗೆ ಗೊತ್ತಾಗುತ್ತಿತ್ತು. ಯಂತ್ರದ ಮೇಲಿನ ಅಂಕಿ ಬೇರೆ ಹೇಳಿದರೆ ಯಂತ್ರವನ್ನೇ ರಿಪೇರಿಗೆ ಕಳಿಸುತ್ತಿದ್ದರು. ಡಾಕಾಕ್ಕೆ ಹೋದವನು, ಯಾಂಗೋನಿಗೆ ಹೋದವನು, ವಿಯೆಟ್ನಾಮಿನ ದಕ್ಷಿಣಕ್ಕೆ ಹೋದ ಇಬ್ಬರು, ನಾಲ್ವರೂ ಹೋಗುವ ಮುಂಚೆ ಮೂರು ಮೂರು ತಿಂಗಳು ಅವಳ ಬಳಿ ಕಲಿತವರು. ಈದ್ ಬಂದರೆ ಅವರಿಂದ ಅವಳಿಗೆ ಫೋಟೋ ಬರುತ್ತಿತ್ತು. ಒಬ್ಬ ಕಾರಿನ ಮುಂದೆ. ಒಬ್ಬ ಈಜುಕೊಳದ ಮುಂದೆ.

ಸೆಪ್ಟೆಂಬರಿನಲ್ಲಿ ಉತ್ತರ ವಿಯೆಟ್ನಾಮಿನ ತಾನ್ ಹೋವಾದಲ್ಲಿ ಕಂಪನಿಯ ಹೊಸ ಕಾರ್ಖಾನೆ ತಯಾರಾಯಿತು. ಆರು ಸಾಲು, ಸಾವಿರದ ಇನ್ನೂರು ಜನ. ಮ್ಯಾನೇಜರ್ ಹುದ್ದೆಗೆ ಒಳಗಿನವರಿಂದಲೇ ಅರ್ಜಿ ಕರೆದರು. ಲಿಖಿತ ಪರೀಕ್ಷೆ, ಸಾಲಿನ ಮೇಲೆ ಪರೀಕ್ಷೆ, ಸಂದರ್ಶನ. ಅಂಕಪಟ್ಟಿಯ ಲಕೋಟೆ ಒಡೆದವಳು ನಾನು. ತಿತಿನ್‌ಗೆ ಎಂಬತ್ತೇಳು. ಎರಡನೆಯವನು ರಿಫ್ಕಿ, ಬಾಂಡುಂಗಿನಲ್ಲಿ ಎಂಜಿನಿಯರಿಂಗ್ ಓದಿದ ಮೂವತ್ತೊಂದರ ಹುಡುಗ. ಅವನಿಗೆ ಎಪ್ಪತ್ತೊಂದು.

ಸುದ್ದಿ ಮಧ್ಯಾಹ್ನದ ಊಟಕ್ಕೆ ಮೊದಲೇ ಅಂಟಿನ ಸಾಲು ಮುಟ್ಟಿತ್ತು.

"ಅಕ್ಕಾ, ಅಲ್ಲಿ ಹೋಗಿ ಮೊದ್ಲು ಬಿಲ್ಲೆ ಮೂರು ಮಾಡು!" ಎಂದು ಒಬ್ಬಳು ಕೂಗಿದಳು.

"ಮೂರು ಯಾಕೆ, ಮೊಳೆನೇ ಕೀಳ್ತೀನಿ," ಎಂದಳು ತಿತಿನ್.

ಅವತ್ತು ಅವಳು ಎರಡು ಸಲ ಸಂಬಾಲ್ ಖಾರದ ಚಟ್ನಿ ಹಾಕಿಸಿಕೊಂಡು ಉಂಡಳು. ಅಷ್ಟು ನಕ್ಕಿದ್ದನ್ನು ನಾನು ಮುಂಚೆ ನೋಡಿರಲಿಲ್ಲ.

ಮಾರನೆಯ ದಿನ ಅವಳು ಕಾಗದಪತ್ರಗಳಿಗೆ ನನ್ನ ಮೇಜಿಗೆ ಬಂದಳು. ನಾನು ಪಟ್ಟಿ ಕೊಟ್ಟೆ. ಅವಳು ಓದಿ, ಐದನೇ ಸಾಲಿನ ಮೇಲೆ ಬೆರಳಿಟ್ಟಳು.

"ಇದೇನು?"

"ಗಂಡನ ಒಪ್ಪಿಗೆ ಪತ್ರ, ಅಕ್ಕ. ಮದುವೆಯಾದ ಹೆಂಗಸರು ಹೊರದೇಶದ ಹುದ್ದೆಗೆ ಹೋಗ್ಬೇಕಾದ್ರೆ ಬೇಕು. ಸ್ಟಾಂಪ್ ಹಚ್ಚಿ ಸಹಿ ಹಾಕಿಸ್ಕೊಂಡು ಬನ್ನಿ."

"ರಿಫ್ಕಿನೂ ಅರ್ಜಿ ಹಾಕಿದ್ನಲ್ಲ. ಅವನ ಹೆಂಡ್ತಿ ಸಹಿ ಹಾಕಿದ್ಲಾ?"

"ಅವರಿಗೆ ಬೇಡ."

"ಯಾಕೆ? ಅವಳಿಗೆ ಬರೆಯೋಕೆ ಬರಲ್ವಾ?"

ಪದ್ಧತಿ ಎಂದೆ. ಆ ಪದ್ಧತಿ ಯಾವ ನಿಯಮದ ಯಾವ ಕಲಮಿನಲ್ಲಿದೆ ಎಂದು ಅವಳು ಕೇಳಿದ್ದರೆ ನನಗೆ ಗೊತ್ತಿರಲಿಲ್ಲ. ನಾಲ್ವರು ಗಂಡಸರ ಕಡತಗಳು ನನ್ನ ಹಿಂದಿನ ಕಪಾಟಿನಲ್ಲೇ ಇದ್ದವು. ಒಂದರಲ್ಲೂ ಅಂಥ ಕಾಗದ ಇರಲಿಲ್ಲ.

ಏಳನೇ ಸಾಲು ಮೂತ್ರ ಪರೀಕ್ಷೆ. ಗರ್ಭ ಇಲ್ಲ ಎಂಬುದಕ್ಕೆ ಸಾಕ್ಷಿ. ಕಾರ್ಖಾನೆಯ ದವಾಖಾನೆಯಲ್ಲೇ ಕೊಡಬೇಕು. ಸಿಬ್ಬಂದಿ ವಿಭಾಗದವರೊಬ್ಬರು ಎದುರಿಗಿರಬೇಕು. ನಾನು ಹೋದೆ. ನರ್ಸು ಅವಳ ಕೈಗೆ ಪ್ಲಾಸ್ಟಿಕ್ ಲೋಟ ಕೊಟ್ಟಳು.

"ಬಾಗಿಲು ಹಾಕ್ಬೇಡಿ ಮೇಡಂ. ಕೆಲವರು ಬೇರೆಯವರದ್ದು ತಂದು ಕೊಡ್ತಾರೆ."

"ನಂಗೆ ಮೂವತ್ತೊಂಬತ್ತು. ಈ ಕಾರ್ಖಾನೆ ಅರ್ಧ ನಾನು ನಡೆಸ್ತೀನಿ."

"ನಿಯಮ ಎಲ್ರಿಗೂ ಒಂದೇ ಮೇಡಂ."

ತಿತಿನ್ ಬಾಗಿಲು ತೆರೆದಿಟ್ಟು ಕುಕ್ಕರಗಾಲಲ್ಲಿ ಕೂತಳು. ನಾನು ಗೋಡೆ ನೋಡಿದೆ. ಹೊರಗಿನ ಬೆಂಚಿನಲ್ಲಿ ಕೈಗೆ ಗಾಯ ಮಾಡಿಕೊಂಡು ಬಂದ ಒಬ್ಬ ಲೋಡಿಂಗ್ ಕೆಲಸಗಾರ ಇದ್ದ. ಅವನು ಗೋಡೆ ನೋಡಲಿಲ್ಲ. ಅವಳು ಎದ್ದು ಬಂದು ಲೋಟವನ್ನು ಮೇಜಿನ ಮೇಲಿಟ್ಟಳು, ನನ್ನ ಕಾಗದದ ಪಕ್ಕದಲ್ಲೇ. ನಾನು ಸಾಕ್ಷಿ ಎಂದು ಸಹಿ ಹಾಕಿದೆ.

ಗಂಡನ ಪತ್ರ ಮರುದಿನವೇ ಬಂತು. ಗಂಡ ಜುಬೇದಿ ಶಾಲೆಯ ವ್ಯಾನ್ ಓಡಿಸುತ್ತಾನೆ. ಹಿಂದು ಮುಂದು ನೋಡದೆ ಸಹಿ ಹಾಕಿದ್ದ. ಅಕ್ಷರ ದುಂಡಗಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ವಿಭಾಗದ ಮ್ಯಾನೇಜರ್ ಸುದಿಬ್ಯೊ ಆ ಪತ್ರವನ್ನು ಎರಡು ಸಲ ಓದಿ, ಜುಬೇದಿಗೆ ಫೋನ್ ಮಾಡು ಎಂದರು. ಸಹಿ ಅವನದೇ ಹೌದೋ ಅಂತ ನೋಡಬೇಕು ಎಂದರು.

ಜುಬೇದಿ ಮಕ್ಕಳನ್ನು ಶಾಲೆಗೆ ಬಿಟ್ಟು, ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ಹಾಕಿಕೊಂಡು ಬಂದ. ನಾನು ಕಾಫಿ ತಂದಿಟ್ಟು ಮೂಲೆಯಲ್ಲಿ ಕೂತೆ. ಟಿಪ್ಪಣಿ ಬರೆಯುವುದು ನನ್ನ ಕೆಲಸ. ಆ ಟಿಪ್ಪಣಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

"ಕೂತ್ಕೊಳ್ಳಿ ಜುಬೇದಿ ಅವ್ರೆ. ಏನಿಲ್ಲ, ಸುಮ್ನೆ ಗಂಡಸರು ಗಂಡಸರ ಮಾತು," ಎಂದರು ಸುದಿಬ್ಯೊ. "ಮೂರು ವರ್ಷದ ಹುದ್ದೆ. ಮನೇಲಿ ಅಡುಗೆ ಯಾರು?"

"ಅಮ್ಮ ಇದಾರೆ ಸಾರ್. ನಂಗೂ ಬರತ್ತೆ."

"ಭೇಷ್. ಮಗಳಿಗೆಷ್ಟು?"

"ಹದಿನಾಲ್ಕು."

"ಬೆಳೆದ ಮಗಳು. ಹ್ಞೂಂ." ಸುದಿಬ್ಯೊ ಕಾಫಿ ಕುಡಿದರು. "ನಂಗೊಂದು ಸಂಕಟ. ಮುಚ್ಚಿಡಬಾರ್ದು ಅಂತ ಹೇಳ್ತಿದೀನಿ. ಅಲ್ಲಿ ಖರೀದಿದಾರರು ಬರ್ತಾರೆ. ಶನಿವಾರ ಊಟ, ಕುಡಿತ, ಆಮೇಲೆ ಹಾಡೋ ರೂಮು. ಮ್ಯಾನೇಜರ್ ಆದವರು ಪಕ್ಕದಲ್ಲಿ ಕೂತು ಗ್ಲಾಸ್ ತುಂಬಿಸ್ಬೇಕು. ಗಂಡಸಾದ್ರೆ ಬೇರೆ ಮಾತು. ನಾಳೆ ಯಾರೋ ಒಂದು ಫೋಟೋ ಹಾಕಿದ್ರು ಅನ್ಕೊಳ್ಳಿ. ಶುಕ್ರವಾರ ಮಸೀದೀಲಿ ನಿಮ್ಮ ಪಕ್ಕ ಯಾರು ನಿಲ್ತಾರೆ?"

ಜುಬೇದಿ ಲೋಟವನ್ನು ಎತ್ತಿದ, ಕುಡಿಯದೆ ಇಟ್ಟ.

"ಸಹಿ ಹಾಕಿ ಆಯ್ತಲ್ಲ ಸಾರ್."

"ಹಾಕಿದ್ದನ್ನ ವಾಪಸ್ ತಗೋಬಹುದು. ನಿಮ್ಮ ಹಕ್ಕು ಅದು. ಪುರ್ವಂತಿ, ಅದಕ್ಕೆ ಫಾರಂ ಇದೆಯಲ್ಲ?"

ಅಂಥ ಫಾರಂ ಇರಲಿಲ್ಲ. ಹತ್ತು ನಿಮಿಷದಲ್ಲಿ ನಾನೇ ಟೈಪ್ ಮಾಡಿದೆ. ಸ್ಟಾಂಪ್ ಕೂಡ ನಮ್ಮ ಮೇಜಿನ ಖಾನೆಯದೇ. ಜುಬೇದಿ ಸಹಿ ಹಾಕಿದ. ಈ ಸಲ ಅಕ್ಷರ ದುಂಡಗಿರಲಿಲ್ಲ.

ತಿತಿನ್‌ಗೆ ಇದು ಗೊತ್ತಾದದ್ದು ಸಂಜೆ, ಮನೆಯಲ್ಲಿ. ಅಲ್ಲಿ ಏನಾಯಿತು ಎಂದು ನಾನು ನೋಡಿಲ್ಲ. ಅವಳು ಹೇಳಿದಷ್ಟೇ ಬರೆಯುತ್ತೇನೆ. "ನನ್ನಿಂದ ಅವನಿಗೆ ಅವಮಾನ ಆಯ್ತಂತೆ. ನಾನಿನ್ನೂ ಬಾಲರಾಜಾನೇ ದಾಟಿಲ್ಲ." ಬೆಳಿಗ್ಗೆ ಏಳಕ್ಕೆ ಅವಳು ನನ್ನ ಮೇಜಿನ ಮುಂದೆ ನಿಂತಿದ್ದಳು. ಕೈಯಲ್ಲಿ ಆ ಪತ್ರದ ಪ್ರತಿ.

"ಯಾರು ಟೈಪ್ ಮಾಡಿದ್ದು?"

"ನಾನು, ಅಕ್ಕ."

ಅವಳು ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಒಂದೂ ತಪ್ಪಿಲ್ಲ," ಎಂದಳು. ಹೊರಟುಹೋದಳು.

ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರಿನಲ್ಲಿ ರಿಫ್ಕಿ ಹೋದ. ಹೋಗುವಾಗ ಅವಳ ಪುಸ್ತಕವನ್ನೂ ಒಯ್ದ. ಅದು ಶಾಲೆಯ ಮಕ್ಕಳು ಬರೆಯುವ ಗೆರೆಪುಸ್ತಕ. ಯಾವ ಮಾದರಿಗೆ ಎಷ್ಟು ಅಂಟು, ಓವನ್ ಎಷ್ಟು ಬಿಸಿ, ಒತ್ತುವ ಯಂತ್ರಕ್ಕೆ ಹಾಕುವ ಮುಂಚೆ ಎಷ್ಟು ಎಣಿಸಬೇಕು, ಮೇಜು ಎಲ್ಲಿರಬೇಕು, ಎಲ್ಲವನ್ನೂ ಹನ್ನೊಂದು ವರ್ಷ ಅವಳು ಅದರಲ್ಲಿ ಬರೆದಿದ್ದಳು. ಕೆಲಸದ ವೇಳೆಯಲ್ಲಿ ಬರೆದದ್ದು, ಆದ್ದರಿಂದ ಕಂಪನಿಯ ಸ್ವತ್ತು ಎಂದರು. ನೂರ ಹನ್ನೆರಡು ಪುಟ. ಜೆರಾಕ್ಸ್ ಮಾಡಿದವಳೂ ನಾನೇ. ಅವಳು ತಡೆಯಲಿಲ್ಲ. ಪುಸ್ತಕ ವಾಪಸ್ ಬಂದಾಗ ಪುಟ ಎಣಿಸಿಕೊಂಡಳು, ಅಷ್ಟೆ.

ಜನವರಿಯಲ್ಲಿ ತಾನ್ ಹೋವಾದ ಶೂಗಳು ಬಾಯಿ ಬಿಡತೊಡಗಿದವು.

ತಪಾಸಣೆಗೆ ಬಂದ ಖರೀದಿದಾರನ ಕಡೆಯವನು ಕೈಯಿಂದ ಎಳೆದ. ಅಟ್ಟೆ ಕಿತ್ತು ಬಂತು. ಇನ್ನೊಂದು ಎಳೆದ. ಅದೂ ಬಂತು. ಹದಿನೆಂಟು ಸಾವಿರ ಜೊತೆ ನಿಂತುಹೋದವು. ರಿಫ್ಕಿ ಅಂಟಿನ ಕಂಪನಿಯನ್ನು ಬದಲಿಸಿದ. ಬ್ರಶ್ ಬದಲಿಸಿದ. ಆಮೇಲೆ ಹೆಂಗಸರನ್ನು ಬದಲಿಸತೊಡಗಿದ. ಏನು ಮಾಡಿದರೂ ಅಟ್ಟೆ ನಿಲ್ಲಲಿಲ್ಲ.

ಫೆಬ್ರವರಿ ಐದು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ನಿರ್ದೇಶಕರ ಸಭಾಕೋಣೆ. ನಿರ್ದೇಶಕ ಮಿಸ್ಟರ್ ಹ್ವಾಂಗ್ ಸಿಯೋಲ್‌ನಿಂದ ಬಂದವರು. ಹನ್ನೆರಡು ವರ್ಷದಿಂದ ಇಲ್ಲೇ ಇದ್ದು ನಮ್ಮ ಭಾಷೆ ಕಲಿತಿದ್ದಾರೆ, ಬೈಗುಳ ಸಮೇತ. ಅವರ ಎಡಕ್ಕೆ ಸುದಿಬ್ಯೊ. ಎದುರಿಗೆ ತಿತಿನ್, ಅಂಗೈಯಲ್ಲಿ ಅಂಟಿನ ಕಲೆ ಹಾಗೇ ಇತ್ತು, ಸಾಲಿನಿಂದ ನೇರ ಕರೆಸಿದ್ದರು. ಲ್ಯಾಪ್‌ಟಾಪ್ ನನ್ನ ಮುಂದೆ. ತಾನ್ ಹೋವಾಕ್ಕೆ ವಿಡಿಯೋ ಕರೆ ಜೋಡಿಸಿ ಗೋಡೆಯ ಪರದೆಗೆ ಹಾಕಿದ್ದೆ.

ಪರದೆಯ ಮೇಲೆ ಮೊದಲು ರಿಫ್ಕಿ ಕಂಡ. ದಪ್ಪ ಜಾಕೀಟು, ಕಣ್ಣಿನ ಕೆಳಗೆ ಕಪ್ಪು. ಅವನ ಹಿಂದೆ ಗೋಡೆಗೆ ಒರಗಿಸಿದ ಹಾಗೆ ಅಂಟಿನ ಸಾಲಿನ ಹೆಂಗಸರು ನಿಂತಿದ್ದರು. ನಲವತ್ತಾರು ಜನ ಎಂದು ಆಮೇಲೆ ಗೊತ್ತಾಯಿತು. ಒಬ್ಬೊಬ್ಬರ ಕೊರಳಲ್ಲೂ ಒಂದೊಂದು ಶೂ. ಲೇಸಿನಿಂದ ಕಟ್ಟಿ ನೇತುಹಾಕಿದ್ದರು. ಅಟ್ಟೆ ಬಿಟ್ಟುಹೋದ ಶೂ.

ಮೊದಲನೆಯವಳನ್ನು ನಾವು ಗುರುತಿಸಿದೆವು. ಥೂಯ್. ಹೋದ ವರ್ಷ ತಾನ್ ಹೋವಾದಿಂದ ತರಬೇತಿಗೆ ಬಂದ ಹನ್ನೊಂದು ಜನರಲ್ಲಿ ಒಬ್ಬಳು. ಮೂರು ತಿಂಗಳು ತಿತಿನ್ ಪಕ್ಕದಲ್ಲಿ ನಿಂತು ಕೆಲಸ ಕಲಿತಳು. ಜೊತೆಗೆ ನಮ್ಮ ಭಾಷೆಯ ಇನ್ನೂರು ಮಾತು ಕಲಿತಳು. ಅಂಕಿ, ಮೈಯ ಅಂಗಗಳು, ಊಟ, ಬೈಗುಳ.

ಮಿಸ್ಟರ್ ಹ್ವಾಂಗ್ ಒಂದು ಲಕೋಟೆಯನ್ನು ಮೇಜಿನ ಮೇಲೆ ತಳ್ಳಿದರು.

"ಟಿಕೆಟ್. ನಾಳೆ ಬೆಳಿಗ್ಗೆ. ಮೂವತ್ತು ದಿನ. ರಿಫ್ಕಿಗೆ ಸಹಾಯ ಮಾಡು, ಸರಿಮಾಡು, ವಾಪಸ್ ಬಾ."

ತಿತಿನ್ ಲಕೋಟೆ ತೆರೆಯಲಿಲ್ಲ. ಅದರ ಮೇಲೆ ಅಂಟಿಸಿದ ಚೀಟಿ ಓದಿದಳು. 'ಉತ್ಪಾದನಾ ಸಹಾಯಕಿ' ಎಂದಿತ್ತು. ಇಲ್ಲಿ ಅವಳು ಉಪ ಮ್ಯಾನೇಜರ್. ಅಲ್ಲಿಗೆ ಸಹಾಯಕಿ.

"ಮೊದ್ಲು ಅವರ ಕೊರಳಿಂದ ಶೂ ತೆಗಿಸಿ," ಎಂದಳು.

"ಬುದ್ಧಿ ಬರ್ಲಿ ಅಂತ ಹಾಕಿಸಿದೀನಿ ಅಕ್ಕ," ಎಂದ ರಿಫ್ಕಿ. "ಎಲ್ಲಾ ನಿಮ್ಮ ಪುಸ್ತಕದಲ್ಲಿ ಇರೋ ಹಾಗೇ. ಒಂದು ಡಿಗ್ರಿ ಹೆಚ್ಚು ಕಮ್ಮಿ ಇಲ್ಲ. ಇವರೇ ಸರಿಯಾಗಿ ಬಳೀತಿಲ್ಲ. ಮೊದ್ಲು ಸರಿಹೋಗ್ಲಿ, ಆಮೇಲೆ ತೆಗಿಸ್ತೀನಿ."

"ಅಲ್ಲಿ ಎಷ್ಟು ಚಳಿ ಇದೆ?"

"ಒಳಗೆ ಹದಿಮೂರು ಡಿಗ್ರಿ. ಹೊರಗೆ ಜಿಟಿಜಿಟಿ. ಯಾಕೆ?"

ತಿತಿನ್ ಎದ್ದು ಪರದೆಯ ಹತ್ತಿರ ಹೋದಳು. "ಥೂಯ್, ಒಂದು ಅಟ್ಟೆ ಅಂಟಿಸು. ನಾನು ನೋಡ್ತೀನಿ. ನಿಧಾನ ಬೇಡ, ದಿನಾ ಮಾಡೋ ಹಾಗೆ."

ರಿಫ್ಕಿ ಕ್ಯಾಮೆರಾ ಹಿಡಿದು ಹಿಂದೆ ನಡೆದ. ಥೂಯ್ ಕೊರಳಲ್ಲಿ ಶೂ ನೇತಾಡುತ್ತಿದ್ದ ಹಾಗೇ ಸಾಲಿಗೆ ಹೋದಳು. ಅಂಟು ಬಳಿದಳು. ಓವನ್ನಿನ ಒಳಗೆ ಬಿಟ್ಟಳು. ಆ ಕಡೆಯಿಂದ ಬಂದದ್ದನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದು ಒಂದು ಮೇಜಿನ ಮೇಲಿಟ್ಟಳು. ಮೂವತ್ತು ಎಣಿಸಿದಳು. ನಮ್ಮ ಭಾಷೆಯಲ್ಲೇ ಎಣಿಸಿದಳು, ತಿತಿನ್ ಕಲಿಸಿದ ಹಾಗೆ. ಆಮೇಲೆ ಅಟ್ಟೆಯನ್ನು ಶೂವಿಗೆ ಕೂರಿಸಿ ಒತ್ತುವ ಯಂತ್ರಕ್ಕೆ ಹಾಕಿದಳು. ತೆಗೆದು, ಎಳೆದು ತೋರಿಸಿದಳು. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಂತು.

ತಿತಿನ್ ಮುಖ ನಾನು ನೋಡುತ್ತಿದ್ದೆ. ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ಅವಳ ಭುಜದಲ್ಲಿ ಕಂಡಿತು.

"ಏನಾಗಿದೆ?" ಮಿಸ್ಟರ್ ಹ್ವಾಂಗ್ ಕೇಳಿದರು.

"ಗೊತ್ತಾಯ್ತು."

"ಹೇಳು."

ಅವಳು ತಿರುಗಿ ಬಂದು ಕುರ್ಚಿಯಲ್ಲಿ ಕೂತಳು.

"ಎಂಬತ್ತೇಳು ಅಂಕ ಬಂದಿತ್ತು ಮಿಸ್ಟರ್. ಮ್ಯಾನೇಜರ್ ಅಂತ ಪತ್ರ ಕೊಡಿ. ಟಿಕೆಟ್ಟಿಗೆ ನಾಳೆ ತನಕ ಕಾಯೋದೂ ಬೇಡ, ಇವತ್ತೇ ಹೊರಡ್ತೀನಿ."

"ಅದು ಮುಗಿದ ಮಾತು. ನಿನ್ನ ಗಂಡನೇ ಬೇಡ ಅಂದ."

"ಅವನು ಬೇಡ ಅನ್ನೋ ಹಾಗೆ ಮಾಡಿದವರು ಇಲ್ಲೇ ಕೂತಿದಾರೆ."

ಸುದಿಬ್ಯೊ ತಮ್ಮ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನೋಡಮ್ಮ ತಿತಿನ್, ಇದು ಆ ಮಾತಾಡೋ ಹೊತ್ತಲ್ಲ."

"ನಂಗೆ ಯಾವತ್ತು ಹೊತ್ತು ಬರತ್ತೆ ಅಂತ ಹೇಳಿಬಿಡಿ ಸಾರ್. ಬರೆದಿಟ್ಕೋತೀನಿ."

ಮಿಸ್ಟರ್ ಹ್ವಾಂಗ್ ಮೇಜಿಗೆ ಗುದ್ದಲಿಲ್ಲ. ಸಾಮಾನ್ಯವಾಗಿ ಗುದ್ದುತ್ತಾರೆ. ಪರದೆಯ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿದರು.

"ಅವರನ್ನ ನೋಡು. ಹನ್ನೆರಡು ದಿನಕ್ಕೆ ಅವರ ಹೊಸ ವರ್ಷ, ತೆತ್ ಹಬ್ಬ. ವರ್ಷಕ್ಕೆ ಒಂದೇ ಸಲ ಊರಿಗೆ ಹೋಗೋದು. ಹದಿನೆಂಟು ಸಾವಿರ ಜೊತೆ ಮತ್ತೆ ಅಂಟಿಸದೆ ಒಬ್ಬಳೂ ಗೇಟು ದಾಟಲ್ಲ. ಇವತ್ತು ಸರಿಯಾಗದಿದ್ರೆ ಆ ಸಾಲನ್ನೇ ತೆಗೀತೀನಿ. ನಲವತ್ತಾರು ಜನ. ನಿನಗೊಂದು ಕಾಗದ ಬೇಕು ಅಂತ."

ಪರದೆಯಲ್ಲಿ ಥೂಯ್ ಸಾಲಿನ ಪಕ್ಕದಲ್ಲೇ ನಿಂತಿದ್ದಳು. ಅವಳು ಉಸಿರು ಬಿಟ್ಟರೆ ಹೊಗೆಯ ಹಾಗೆ ಕಾಣುತ್ತಿತ್ತು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಹತ್ತು ಇಪ್ಪತ್ತಾರು ಎಂದಿತ್ತು. ಇಪ್ಪತ್ತೇಳಾಯಿತು. ತಿತಿನ್ ಅಂಗೈಯ ಅಂಟನ್ನು ಉಗುರಿನಿಂದ ಕೀಳುತ್ತಿದ್ದಳು. ತಪ್ಪೆಲ್ಲಿ ಎಂದು ಗೊತ್ತಿದ್ದದ್ದೊಂದೇ ಅವಳ ಕೈಯಲ್ಲಿದ್ದ ಆಯುಧ. ಅದನ್ನು ಹೇಳದೆ ಹಿಡಿದಿಟ್ಟುಕೊಂಡರೆ ಪೆಟ್ಟು ಬೀಳುವುದು ಆ ನಲವತ್ತಾರು ಜನರ ಮೇಲೆ. ಹ್ವಾಂಗ್‌ಗೆ ಅದು ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಇಪ್ಪತ್ತೆಂಟಕ್ಕೆ ಅವಳು ಎದ್ದಳು.

ಹ್ವಾಂಗ್ ಕಡೆ ನೋಡಲಿಲ್ಲ. ರಿಫ್ಕಿ ಕಡೆಯೂ ನೋಡಲಿಲ್ಲ.

"ಥೂಯ್. ಆ ಮೇಜು ತಳ್ಳು. ದೂರ."

"ಅಕ್ಕ, ಆ ಮೇಜು ನಿಮ್ಮ ಪುಸ್ತಕದ ಚಿತ್ರದಲ್ಲೇ ಇದೆ," ಎಂದ ರಿಫ್ಕಿ.

"ಇಲ್ಲಿಗೆ ಇದೆ. ಇಲ್ಲಿ ಮೂವತ್ತನಾಲ್ಕು ಡಿಗ್ರಿ. ಓವನ್ನಿಂದ ಬಂದದ್ದು ಸ್ವಲ್ಪ ತಣಿಯೋಕೆ ಮೇಜು ಬೇಕು. ನಿಂಗೆ ಅಲ್ಲಿ ತಣಿಸೋಕೆ ಏನಿದೆ, ಚಳೀಲಿ ನಿಂತ್ಕೊಂಡು?"

ಪುಸ್ತಕದಲ್ಲಿ ಅವಳು ಬರೆಯದೇ ಇದ್ದದ್ದು ಅದೊಂದೇ. ಇಲ್ಲಿನ ಸೆಕೆ. ಬಾಲರಾಜಾದಲ್ಲಿ ಸೆಕೆಯನ್ನು ಯಾರು ಬರೆದಿಡುತ್ತಾರೆ? ಓವನ್ನಿನಲ್ಲಿ ಮೆತ್ತಗಾದ ಅಂಟು ಬಿಸಿ ಇರುವಾಗಲೇ ಕೂಡಬೇಕು. ಇಲ್ಲಿ ಅದಕ್ಕೆ ಮೂವತ್ತು ಎಣಿಸುವಷ್ಟು ಬಿಡುವಿದೆ. ಅಲ್ಲಿ ಹತ್ತು ಎಣಿಸುವುದರೊಳಗೆ ಅದು ಸತ್ತಿರುತ್ತದೆ. ದವಡೆಗೆ ಹಿಡಿದು ನೋಡಿದ್ದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ರಿಫ್ಕಿ ಮೂರು ತಿಂಗಳು ಅವಳ ಬಳಿ ಕಲಿಯಬೇಕಿತ್ತು. ಈ ಸಲ ಪುಸ್ತಕ ಸಿಕ್ಕಿತ್ತಲ್ಲ, ಹತ್ತೇ ದಿನ ಸಾಕು ಎಂದಿದ್ದ.

"ಒತ್ತೋ ಯಂತ್ರ ಓವನ್ ಬಾಯಿಗೆ ಎಳ್ಕೊಳ್ಳಿ," ಎಂದಳು ತಿತಿನ್. "ಥೂಯ್, ಶೂನೂ ಬಿಸಿ ಮಾಡು, ಬರೀ ಅಟ್ಟೆ ಅಲ್ಲ. ತಣ್ಣನೆ ಶೂಗೆ ಬಿಸಿ ಅಟ್ಟೆ ನಿಲ್ಲಲ್ಲ. ಐದು ಎಣಿಸು. ಐದೇ. ಆರು ಬೇಡ."

ನಾಲ್ಕು ಹೆಂಗಸರು ಸೇರಿ ಯಂತ್ರವನ್ನು ಎಳೆದರು. ರಿಫ್ಕಿ ನೋಡುತ್ತ ನಿಂತ. ಥೂಯ್ ಅಟ್ಟೆಯನ್ನು ಎತ್ತಿ ದವಡೆಗೆ ಹಿಡಿದಳು, ಐದು ಎಣಿಸಿದಳು, ಕೂರಿಸಿದಳು, ಒತ್ತಿದಳು. ಪೂರ್ತಿ ಪರೀಕ್ಷೆಗೆ ಒಂದು ದಿನ ಬೇಕು. ಆದರೆ ಕೈಯಿಂದ ಎಳೆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅವಳು ಎಳೆದಳು. ಬರಲಿಲ್ಲ. ಇನ್ನೊಬ್ಬಳು ಬಂದು ಶೂವಿನ ಮೂತಿ ಹಿಡಿದಳು, ಇಬ್ಬರೂ ಜಗ್ಗಿದರು. ಇಕ್ಕಳ ಹಾಕಿ ಎಳೆದರು. ಬಟ್ಟೆ ಹರಿಯಿತು. ಅಂಟು ಬಿಡಲಿಲ್ಲ.

"ತಪ್ಪು ನಿಮ್ಮದಲ್ಲ ಥೂಯ್," ಎಂದಳು ತಿತಿನ್. "ಮೇಜಿನದು. ಅದನ್ನ ಅಲ್ಲಿಟ್ಟವರದು. ಎಲ್ರಿಗೂ ಹೇಳು."

ಮಿಸ್ಟರ್ ಹ್ವಾಂಗ್ ಕುರ್ಚಿಗೆ ಒರಗಿದರು. ಮುಖದಲ್ಲಿ ನಗು ಬಂದಿತ್ತು.

"ನೋಡು, ಎಷ್ಟು ಸುಲಭ! ಸುಮ್ನೆ ಹಠ ಮಾಡ್ತೀಯ. ಸರಿ, ನಾಳೆ ಹೋಗು. ಉಳಿದ ಐದು ಸಾಲೂ ಹೀಗೇ ಮಾಡ್ಬೇಕು."

ತಿತಿನ್ ನನ್ನ ಕಡೆ ತಿರುಗಿದಳು. ಅಕ್ಟೋಬರಿನಿಂದ ಅವಳು ನನ್ನ ಜೊತೆ ಕೆಲಸಕ್ಕೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿರಲಿಲ್ಲ.

"ಪುರ್ವಂತಿ, ನಾಳೆ ಹೋಗ್ಬೇಕು ಅಂತಾರಲ್ಲ. ಗಂಡನ ಒಪ್ಪಿಗೆ ಪತ್ರ ಬೇಡ್ವಾ?"

ಸುದಿಬ್ಯೊ ನನ್ನ ಕಡೆ ನೋಡಿದರು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ಆರು ವರ್ಷದಲ್ಲಿ ಆ ಹುಬ್ಬಿನ ಅರ್ಥ ನನಗೆ ಬಾಯಿಪಾಠವಾಗಿತ್ತು.

"ಬೇಡ," ಎಂದೆ.

"ಮೂತ್ರ?"

"ಅದೂ ಬೇಡ."

"ಅವತ್ತು ಯಾಕೆ ಬೇಕಿತ್ತು?"

"ಪುರ್ವಂತಿ, ಸಾಕು," ಎಂದರು ಸುದಿಬ್ಯೊ.

ನಾನು ಅವರ ಕಡೆ ನೋಡದೆ ತಿತಿನ್ ಕಡೆ ತಿರುಗಿದೆ.

"ಸಹಾಯಕಿಯಾಗಿ ಹೋಗೋಕೆ ಯಾರ ಒಪ್ಪಿಗೇನೂ ಬೇಡ ಅಕ್ಕ. ಹೋದ ಐದು ವರ್ಷದಲ್ಲಿ ಇಲ್ಲಿಂದ ಮೂವತ್ತೊಂದು ಹೆಂಗಸರನ್ನ ಸಹಾಯಕ್ಕೆ ಅಂತ ಹೊರದೇಶಕ್ಕೆ ಕಳಿಸಿದೀವಿ. ಒಬ್ಬರ ಗಂಡನನ್ನೂ ಕೇಳಿಲ್ಲ. ಒಬ್ಬರ ಕೈಗೂ ಲೋಟ ಕೊಟ್ಟಿಲ್ಲ. ಮ್ಯಾನೇಜರ್ ಆಗಿ ಹೋಗೋಕೆ ಮಾತ್ರ ಬೇಕು. ಅದಕ್ಕೆ ಅರ್ಜಿ ಹಾಕಿ ಗೆದ್ದ ಹೆಂಗಸು ನೀವೊಬ್ರೇ."

ತಿತಿನ್ ಲಕೋಟೆಯನ್ನು ಎರಡು ಬೆರಳಿನಿಂದ ಹಿಡಿದು, ಬಂದ ದಾರಿಯಲ್ಲೇ ಮೇಜಿನ ಆ ತುದಿಗೆ ತಳ್ಳಿದಳು.

"ಹೋಗಲ್ಲ."

"ಏನಂದೆ?"

"ಅವರಿಗೆ ಹೇಳ್ಬೇಕಾದ್ದನ್ನ ಹೇಳಿದೀನಿ. ಥೂಯ್‌ಗೆ ಗೊತ್ತಾಗಿದೆ, ಉಳಿದ ಸಾಲಿಗೆ ಅವಳೇ ಕಲಿಸ್ತಾಳೆ. ರಿಫ್ಕಿ ಕುರ್ಚಿ ಒರೆಸೋಕೆ ನಾನು ವಿಮಾನ ಹತ್ತಲ್ಲ. ಇನ್ನು ಮೇಲೆ ಹೊರಗೆ ಹೋಗೋ ಯಾವ ಗಂಡಸಿಗೂ ಕಲಿಸೋದೂ ಇಲ್ಲ. ನಾಲ್ಕು ಜನ ಆಯ್ತು. ಇವನು ಕಲೀದೇ ಹೋದ. ಸಾಕು."

"ಸೋಮವಾರದಿಂದ ಅಂಟಿನ ಸಾಲಿಗೆ ಹಾಕ್ತೀನಿ ನಿನ್ನ," ಎಂದರು ಹ್ವಾಂಗ್. ಈ ಸಲ ಮೇಜಿಗೆ ಗುದ್ದಿದರು. "ಬ್ರಶ್ ಹಿಡಿಸ್ತೀನಿ!"

"ಹಾಕಿ. ನಿಲ್ಲೋದು ಅಭ್ಯಾಸ ಇದೆ."

ಅವರು ಬಾಯಿಮಾತಿಗೆ ಹೇಳಿರಲಿಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೆ ತಿತಿನ್ ರೊಹಾಯೆತಿ ಎಂಟನೇ ಸಾಲಿನಲ್ಲಿ ಬ್ರಶ್ ಹಿಡಿದು ನಿಂತಿದ್ದಳು. ಅದು ದಾಖಲೆಯಲ್ಲಿದೆ. ಆದರೆ ಆ ಗುರುವಾರ ಕರೆ ಇನ್ನೂ ಮುಗಿದಿರಲಿಲ್ಲ. ಪರದೆಯ ಮೇಲೆ ಥೂಯ್ ಕ್ಯಾಮೆರಾದ ತೀರಾ ಹತ್ತಿರ ಬಂದಿದ್ದಳು. ಇಲ್ಲಿ ನಡೆದದ್ದು ಅವಳಿಗೆ ಎಷ್ಟು ಅರ್ಥವಾಗಿತ್ತೋ ಗೊತ್ತಿಲ್ಲ. ಗುದ್ದಿದ ಸದ್ದು ಕೇಳಿರಬೇಕು.

"ಅಕ್ಕ, ನೀನು ಬರ್ತೀಯ?" ಎಂದು ಕೇಳಿದಳು.

ತಿತಿನ್ ಪರದೆಯ ಕಡೆ ತಿರುಗಿದಳು. ಹ್ವಾಂಗ್‌ಗೆ ಇಲ್ಲ ಎಂದದ್ದು ಸುಲಭವಿತ್ತು. ಇದು ಹಾಗಲ್ಲ.

"ಇಲ್ಲ ಥೂಯ್."

"ಯಾಕೆ? ಇಲ್ಲಿ ಒಳ್ಳೇದಿಲ್ಲ. ನೀನು ಬಾ."

"ಮ್ಯಾನೇಜರ್ ಮಾಡಿದ್ರೆ ಬರ್ತೀನಿ. ನಿಮ್ಮ ಕೊರಳಿಗೆ ಶೂ ಕಟ್ಟೋನ ಕೆಳಗೆ ಬರಲ್ಲ. ಅರ್ಥ ಆಯ್ತಾ? ಮ್ಯಾನೇಜರ್, ಬರ್ತೀನಿ. ಸಹಾಯಕಿ, ಬರಲ್ಲ."

ಥೂಯ್ ಹಿಂದಕ್ಕೆ ತಿರುಗಿ, ಗೋಡೆಯ ಪಕ್ಕ ನಿಂತವರಿಗೆ ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದಳು. ನಮಗೆ ತಿಳಿದದ್ದು ಒಂದೇ ಮಾತು, ತಿತಿನ್‌ನ ಹೆಸರು. ಎರಡು ಸಲ ಬಂತು. ಇಬ್ಬರು ಏನೋ ಕೇಳಿದರು. ಥೂಯ್ ತಳ್ಳಿದ ಮೇಜನ್ನು ತೋರಿಸಿದಳು, ಆಮೇಲೆ ರಿಫ್ಕಿಯನ್ನು ತೋರಿಸಿದಳು. ರಿಫ್ಕಿ ಅಲ್ಲಿನ ದುಭಾಷಿಯನ್ನು ಕೂಗಿದ. ದುಭಾಷಿ ಬರಲಿಲ್ಲ.

ಥೂಯ್ ಕೊರಳಿನ ಲೇಸನ್ನು ತಲೆಯ ಮೇಲಿಂದ ಎತ್ತಿ ತೆಗೆದಳು. ಶೂವನ್ನು ನೆಲಕ್ಕೆ ಹಾಕಿದಳು. ಪಕ್ಕದವಳೂ ತೆಗೆದಳು. ಆಮೇಲೆ ಒಬ್ಬೊಬ್ಬರೇ ಅಲ್ಲ, ಗೋಡೆಯುದ್ದಕ್ಕೂ ಒಟ್ಟಿಗೇ. ಶೂಗಳು ಬಿದ್ದ ಸದ್ದು ನಮ್ಮ ಕೋಣೆಗೆ ಬಂತು.

"ನಿಲ್ಲಿ! ಯಾರು ಹೇಳಿದ್ದು ತೆಗೀರಿ ಅಂತ?" ರಿಫ್ಕಿ ನಮ್ಮ ಭಾಷೆಯಲ್ಲೇ ಕಿರುಚುತ್ತಿದ್ದ. ಆ ಸಾಲಿನಲ್ಲಿ ಅದು ಅರ್ಥವಾಗುತ್ತಿದ್ದದ್ದು ಥೂಯ್ ಒಬ್ಬಳಿಗೇ, ಅವಳು ಅವನ ಕಡೆ ನೋಡುತ್ತಿರಲಿಲ್ಲ.

"ಕಟ್ ಮಾಡು," ಎಂದರು ಮಿಸ್ಟರ್ ಹ್ವಾಂಗ್ ನನಗೆ.

ನನ್ನ ಕೈ ಲ್ಯಾಪ್‌ಟಾಪಿನ ಮೇಲೇ ಇತ್ತು.

"ಪುರ್ವಂತಿ, ಕರೆ ಕಟ್ ಮಾಡು!" ಸುದಿಬ್ಯೊ ಎದ್ದು ನಿಂತರು.

ನಾನು ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.